ಅಪ್ಪನ ಹೆಸರಿನ ಪರದೆ

"ಇದನ್ನ ಹೊಲಿದಿದ್ದು ಉಸ್ತಾದ್ ಫತ್ಹಿ ಅಲ್ಲ."

ಆ ಒಂದು ಮಾತಿಗೆ ರದ್ವಾ ಬೆಚ್ಚಿಬಿದ್ದಳು.

"ಏನಂದ್ರಿ?"

"ಕೇಳಿಸ್ತಲ್ಲ. ಇನ್ನೊಂದ್ಸಲ ಹೇಳ್ಬೇಕಾ?"

ಅಂಗಡಿಯ ಮುಂಗಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಆ ಯುವಕ ತಲೆ ಎತ್ತಿಯೂ ನೋಡಲಿಲ್ಲ. ಅವಳು ಬಿಚ್ಚಿ ಹರಡಿದ ಪರದೆಯನ್ನು ಬೋರಲು ಹಾಕಿಕೊಂಡು, ಅದರ ಬೆನ್ನ ಮೇಲೆ ಬೆರಳಾಡಿಸುತ್ತಿದ್ದ. ಮುಂಭಾಗದಲ್ಲಿ ಒಂದು ದೊಡ್ಡ ಮರ, ಮರದ ತುಂಬ ಹಕ್ಕಿಗಳು, ಸುತ್ತಲೂ ತಾವರೆಯ ಅಂಚು. ಒಂದೊಂದು ರೆಕ್ಕೆಯೂ ಬೇರೆ ಬೇರೆ ಬಣ್ಣದ ಬಟ್ಟೆಯ ಚೂರು, ಅಂಚು ಮಡಚಿ ಕೈಯಲ್ಲೇ ಹೊಲಿದದ್ದು. ಅಷ್ಟು ಚಂದವನ್ನು ಬಿಟ್ಟು ಬೆನ್ನು ನೋಡುತ್ತಾನಲ್ಲ, ಎಂಥ ಮನುಷ್ಯ ಇವನು!

ಆಗ ರಮ್ಜಾನಿಗೆ ಹಿಂದಿನ ಶಾಬಾನ್ ತಿಂಗಳು. ರಮ್ಜಾನ್ ಹತ್ತಿರ ಬಂತೆಂದರೆ ಗುಡಾರ, ಪರದೆ ಹೊಲಿಯುವ ಕೈರೋದ ನಮ್ಮ ಗುಡಾರದವರ ಬೀದಿಗೆ ಹುಚ್ಚು ಹಿಡಿಯುತ್ತದೆ. ವರ್ಷವಿಡೀ ನೊಣ ಹೊಡೆಯುವ ಅಂಗಡಿಗಳಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಮನೆಗೊಂದು ಲಾಂದ್ರ, ಬಾಗಿಲಿಗೊಂದು ತೋರಣ, ಗೋಡೆಗೊಂದು ಪರದೆ ಬೇಕೇ ಬೇಕು. ಕೈಹೊಲಿಗೆಯವರ ಇಡೀ ವರ್ಷದ ಅನ್ನ ಈ ದಿನಗಳಲ್ಲೇ ಹುಟ್ಟಬೇಕು.

"ಇದು ನಮ್ಮಪ್ಪನ ಕೊನೇ ಕೆಲಸ. ಅವರು ತೀರ್ಕೊಂಡು ಇನ್ನೂ ವರ್ಷ ತುಂಬಿಲ್ಲ. ಸತ್ತವರ ಮೇಲೆ ಅಪವಾದ ಹೊರಿಸ್ತೀರಾ? ನಾಚಿಕೆ ಆಗಲ್ವಾ ನಿಮಗೆ?"

"ದೇವರು ಅವರಿಗೆ ಒಳ್ಳೇದು ಮಾಡ್ಲಿ. ಚಿಕ್ಕವನಿದ್ದಾಗ ಅವರ ಅಂಗಡಿ ಎದುರು ನಿಂತ್ಕೊಂಡೇ ನಾನು ಈ ಕಸುಬು ಕಲ್ತಿದ್ದು." ಈಗ ಅವನು ತಲೆ ಎತ್ತಿದ. "ಅವರದು ಬಲಗೈ. ಹೊಲಿಗೆ ಬಲದಿಂದ ಎಡಕ್ಕೆ ಓಡ್ತಿತ್ತು. ಇದು ಎಡದಿಂದ ಬಲಕ್ಕೆ ಓಡಿದೆ. ಮುಂದೆ ನೋಡಿದ್ರೆ ಗೊತ್ತಾಗಲ್ಲ, ಬೆನ್ನು ಸುಳ್ಳು ಹೇಳಲ್ಲ. ಈಗ ಗಂಟು ಬಿಚ್ಚಿದ್ರಲ್ಲ, ಯಾವ ಕೈಲಿ ಬಿಚ್ಚಿದ್ರಿ?"

ರದ್ವಾ ಎಡಗೈಯನ್ನು ಥಟ್ಟನೆ ಶಾಲಿನೊಳಗೆ ಎಳೆದುಕೊಂಡಳು.

ಅಯ್ಯೋ ದೇವರೇ... ಯಾರಿಗೂ ಗೊತ್ತಾಗದ ಗುಟ್ಟು ಇವನಿಗೆ ಹೇಗೆ ಗೊತ್ತಾಯ್ತು?

ಅವಳ ಅಪ್ಪ ಫತ್ಹಿಯ ಕೈ ನಡುಗಲು ಶುರುವಾಗಿ ಎಷ್ಟೋ ವರ್ಷಗಳಾಗಿದ್ದವು. ಆಮೇಲೆ ಆ ಮನೆಯಿಂದ ಹೊರಬಿದ್ದ ಒಂದೊಂದು ಹೊಲಿಗೆಯೂ ಮಗಳದ್ದೇ. ಅಪ್ಪ ಗಿರಾಕಿಗಳ ಮುಂದೆ ಸೂಜಿ ಹಿಡಿದು ಕೂರುತ್ತಿದ್ದರು. ಮಗಳು ಒಳಕೋಣೆಯಲ್ಲಿ ಹೊಲಿಯುತ್ತಿದ್ದಳು. ಹೆಸರು ಮಾತ್ರ ಉಸ್ತಾದ್ ಫತ್ಹಿ!

"ಕೊಡಿ ಇಲ್ಲಿ," ಎಂದು ಅವಳು ಪರದೆಯನ್ನು ಕಿತ್ತುಕೊಂಡಳು. ಕಣ್ಣು ತುಂಬಿತ್ತು. "ನಮ್ಮಪ್ಪನ್ನ ಸುಳ್ಳುಗಾರ ಅನ್ನೋರ ಅಂಗಡೀಲಿ ಇದು ತೂಗೋದು ಬೇಡ."

"ಅವರನ್ನ ನಾನು ಏನೂ ಅನ್ನಲಿಲ್ಲ. ನಿಮ್ಮನ್ನ ಕಲಾವಿದೆ ಅಂದೆ."

ರದ್ವಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಆ ಪದವನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

"ಇಹಾಬ್ ಅಂತ ನನ್ನ ಹೆಸರು. ನಿಮ್ಮ ಹೆಸರಲ್ಲಿ ಕೊಡೋದಾದ್ರೆ ಅಂಗಡಿ ನಡುಗೋಡೆ ಮೇಲೆ ತೂಗುಹಾಕ್ತೀನಿ. ಉಸ್ತಾದರ ಹೆಸರಲ್ಲಿ ಮಾರ್ಬೇಕು ಅಂದ್ರೆ ಬೀದಿ ತುಂಬ ಬೇರೆ ಅಂಗಡಿ ಇದಾವೆ, ಹೋಗಿ."

ಅವಳು ಪರದೆ ಮಡಚಿಕೊಂಡು ಹೊರಟುಹೋದಳು.

* * *

"ಎಲ್ಲಾದ್ರೂ ಉಂಟಾ!" ಎಂದು ತಾಯಿ ಸೌಸನ್ ಎದೆ ಬಡಿದುಕೊಂಡಳು. "ಹುಡುಗಿ ಹೊಲಿದಿದ್ದು ಅಂದ್ರೆ ಯಾರು ಮೂಸಿ ನೋಡ್ತಾರೆ? ಉಸ್ತಾದ್ ಫತ್ಹಿ ಅಂದ್ರೆ ಕಣ್ಣಿಗೊತ್ಕೊಂಡು ತಗೊಂಡ್ ಹೋಗ್ತಾರೆ. ಈದ್ ಹಬ್ಬಕ್ಕೆ ನಿಮ್ಮಪ್ಪನ ಗೋರಿಗೆ ಹೆಸರಿನ ಕಲ್ಲು ಹಾಕಿಸ್ಬೇಕು ಕಣೇ. ಅವತ್ತು ಎಲ್ಲರೂ ತಮ್ಮ ತಮ್ಮೋರ ಗೋರಿ ಹತ್ರ ಕೂತಿರ್ತಾರೆ, ನಾವು ಬರೀ ಮಣ್ಣಿನ ಗುಡ್ಡೆ ಹುಡುಕ್ತಾ ನಿಂತಿರ್ಬೇಕಾ?"

ಅಮ್ಮನ ಆಸೆ ರದ್ವಾಗೆ ಗೊತ್ತಿತ್ತು. ಆ ಪರದೆ ಮಾರಿದರೆ ಮಾತ್ರ ಆ ಕಲ್ಲು.

ಆದರೆ ಕಲಾವಿದೆ ಎಂಬ ಮಾತು ಅವಳ ಬೆನ್ನು ಬಿಡಲಿಲ್ಲ. ಹಿಟ್ಟು ನಾದುವಾಗಲೂ ಅದೇ, ಬಟ್ಟೆ ಒಣಹಾಕುವಾಗಲೂ ಅದೇ. ಅಪ್ಪನಿಗೊಂದು ಕಲ್ಲು ಬೇಕು, ಸರಿ... ನನಗೊಂದು ಹೆಸರು ಬೇಡವಾ? ಹಾಗೆಂದುಕೊಂಡ ಮರುಕ್ಷಣವೇ ತನ್ನ ಆಸೆಗೆ ತಾನೇ ನಾಚಿಕೊಂಡಳು.

ಮಾರನೆಯ ದಿನ ಅವಳ ಕಾಲುಗಳು ಅವಳನ್ನು ಕೇಳದೆಯೇ ಬೀದಿಗೆ ಬಂದವು.

"ಅಪ್ಪನ ಗೋರಿ ಕಲ್ಲಿಗೆ ದುಡ್ಡು ಬೇಕು. ಹಬ್ಬದೊಳಗೆ ಮಾರಾಟ ಆಗ್ಬೇಕು. ನನ್ನ ಹೆಸರಲ್ಲೇ. ಆಗದಿದ್ರೆ?"

"ಆಗದಿದ್ರೆ ನಿಮ್ಮಮ್ಮ ನನ್ನನ್ನ ಬೈತಾರೆ, ನೀವೂ ಬೈತೀರಿ. ಬೈಸ್ಕೊಂಡು ಅಭ್ಯಾಸ ಇದೆ," ಎಂದು ಇಹಾಬ್ ಏಣಿ ಹತ್ತಿದ.

ಪರದೆ ನಡುಗೋಡೆಗೆ ಏರಿತು. ಸೂರಿನ ಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಬೀಳುವ ಜಾಗವನ್ನೇ ಅವನು ಆರಿಸಿದ್ದ. ಹಕ್ಕಿಗಳೆಲ್ಲ ಹೊಳೆದವು.

"ಈ ದೊಡ್ಡದನ್ನ ನೋಡೋಕೆ ಜನ ಒಳಗೆ ಬರ್ತಾರೆ, ತಗೊಂಡು ಹೋಗೋದು ಚಿಕ್ಕದನ್ನ," ಎಂದ ಅವನು ಇಳಿಯುತ್ತಾ. "ಚಿಕ್ಕಚಿಕ್ಕದು ಹೊಲೀರಿ. ಇದೇ ಮರದ ಒಂದೊಂದೇ ಹಕ್ಕಿ. ದಿಂಬಿಗೆ, ಊಟದ ಮೇಜಿಗೆ. ರಮ್ಜಾನಲ್ಲಿ ನೆಂಟರ ಮನೆಗೆ ಹೋಗೋರು ಬರೀ ಮಿಠಾಯಿ ಡಬ್ಬಿ ಹಿಡ್ಕೊಂಡು ಹೋಗಿ ಸುಸ್ತಾಗಿದಾರೆ."

"ನನಗೆ ವ್ಯಾಪಾರ ಬರಲ್ಲ."

"ಬರೋದು ಬೇಡ. ಕೇಳಿದೋರ ಕೈಗೆ ಬಟ್ಟೆ ಕೊಡಿ, ಮುಟ್ಟಿ ನೋಡ್ಲಿ. ಎದುರುಗಡೆ ಶಿಹಾತಾ ಕಾಕಾ ಅಂಗಡೀಲಿ ಅಚ್ಚಿನ ಬಟ್ಟೆ ಮುಟ್ಟಿ ಬಂದಿರ್ತಾರೆ. ಕೈಗೇ ಗೊತ್ತಾಗುತ್ತೆ. ಬಾಯಿ ಯಾಕೆ ನೋಯಿಸ್ಕೋಬೇಕು?"

ಅವನು ಹೇಳಿದ ಹಾಗೇ ಆಯಿತು! ಮೊದಲ ಹಕ್ಕಿಯನ್ನು ಕೊಂಡ ಹೆಂಗಸು, "ಯಾರಮ್ಮ ಹೊಲಿದಿದ್ದು?" ಎಂದು ಕೇಳಿದಾಗ ಇಹಾಬ್ ಅವಳ ಕಡೆ ಕೈತೋರಿಸಿದ. ರದ್ವಾಳ ಮುಖ ಕೆಂಪಾಯಿತು. "ಕೈಗೆ ಪುಣ್ಯ ಬರ್ಲಿ," ಎಂದಳು ಆ ಹೆಂಗಸು. ಅವತ್ತು ರದ್ವಾಗೆ ಅನ್ನ ಸೇರಲಿಲ್ಲ, ಖುಷಿಗೆ.

ಆಮೇಲೆ ದಿನಾ ಬಂದಳು. ಒಂದು ದಿನ ನೀಲಿ ದಾರ ಬೇಕೆಂದು, ಇನ್ನೊಂದು ದಿನ ಕತ್ತರಿಗೆ ಸಾಣೆ ಹಿಡಿಸಬೇಕೆಂದು. ಮನೆಯಲ್ಲಿ ನೀಲಿ ದಾರದ ಉಂಡೆಗಳು ರಾಶಿ ಬಿದ್ದಿದ್ದವು ಎಂಬುದು ನಮಗೆ ನಿಮಗೆ ಗೊತ್ತು, ಅವನಿಗೂ ಗೊತ್ತಿತ್ತೇನೋ... ಆದರೆ ಕೇಳಿದಾಗಲೆಲ್ಲ ಕೊಟ್ಟ. ಅವಳು ಅಂಗಡಿಯ ಒಳಮೂಲೆಯಲ್ಲಿ ಹೊಲಿಯುತ್ತಿದ್ದಳು. ಬೀದಿಗೆ ಕಾಣುವ ಮುಂಗಟ್ಟೆಯ ಮೇಲೆ ನಮ್ಮಲ್ಲಿ ಗಂಡಸರೇ ಕೂರುವುದು.

"ರೀ ಇಹಾಬ್, ಬಂದ ಗಿರಾಕೀನ ಕೈಯಾರೆ ಆಚೆ ಕಳಿಸಿದ್ರಲ್ಲ!" ಎಂದು ಒಂದು ಬೆಳಗ್ಗೆ ಅವಳು ರೇಗಿದಳು.

"ನಮ್ಮ ಬೋಣಿ ಆಯ್ತಲ್ಲ. ಕಾಕಾಗೆ ಇನ್ನೂ ಆಗಿಲ್ಲ."

"ಆಗದಿದ್ರೆ?"

"ಇದು ನಮ್ಮ ತಾತನ ಕಾಲದಿಂದ ನಡ್ಕೊಂಡು ಬಂದಿದ್ದು ರದ್ವಾ. ನನ್ನ ಬೋಣಿ ಆದ್ಮೇಲೆ ಎದುರಿನವನು ಖಾಲಿ ಕೈಲಿ ಕೂತಿದ್ರೆ ಎರಡನೇ ಗಿರಾಕಿ ಅವನದ್ದು. ನಾಳೆ ನನಗಾಗದಿದ್ರೆ ಅವರು ಕಳಿಸ್ತಾರೆ."

ಎದುರಿನಿಂದ ಮುದುಕ ಶಿಹಾತಾ ಕೂಗಿದ. "ಏನಮ್ಮಾ, ನನ್ನ ಹೊಟ್ಟೆ ಮೇಲೆ ಯಾಕೆ ಕಣ್ಣು? ಮದುವೆ ಆದ್ಮೇಲೆ ನೀನೇ ಯಜಮಾನಿ, ಆಗ ಬೇಕಾದ್ರೆ ನಿಲ್ಲಿಸು!"

ರದ್ವಾ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು. ಇಹಾಬ್ ಕಿವಿಯವರೆಗೂ ಕೆಂಪಾಗಿ ದಾರದ ಪೆಟ್ಟಿಗೆಯೊಳಗೆ ತಲೆ ತೂರಿಸಿದ. ಇಬ್ಬರೂ ಆ ದಿನವೆಲ್ಲ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡದೆಯೂ ನೋಡುತ್ತಲೇ ಇದ್ದರು.

* * *

ರಮ್ಜಾನಿಗೆ ಇನ್ನು ಕೆಲವೇ ದಿನ ಇದ್ದಾಗ ಅದು ನಡೆಯಿತು.

ಅಮ್ಮ ಮಾಡಿದ ಬಸ್ಬೂಸಾ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ರದ್ವಾ ಬೀದಿಯ ತಿರುವಿನಲ್ಲಿ ಬರುತ್ತಿದ್ದಳು. ಇಹಾಬನಿಗೆ ಸಿಹಿ ಎಂದರೆ ಪ್ರಾಣ ಎಂದು ಅವಳಿಗೆ ಗೊತ್ತಾಗಿತ್ತು.

ಅಂಗಡಿಯ ಮುಂದೆ ಒಬ್ಬ ಶ್ರೀಮಂತ ಹೆಂಗಸು ನಿಂತಿದ್ದಳು. ಕಪ್ಪು ಕನ್ನಡಕ, ತೋಳಲ್ಲಿ ದುಬಾರಿ ಚೀಲ. ಅವಳ ಬೆರಳು ನೇರವಾಗಿ ನಡುಗೋಡೆಯ ಪರದೆಯನ್ನೇ ತೋರಿಸುತ್ತಿತ್ತು!

ರದ್ವಾ ಅಲ್ಲೇ ನಿಂತು ನೋಡಿದಳು. ನನ್ನ ಮರ... ನನ್ನ ಹಕ್ಕಿಗಳು... ಕೊನೆಗೂ!

ಇಹಾಬ್ ತಲೆಯಾಡಿಸಿದ. ಇಲ್ಲ ಎನ್ನುವಂತೆ. ಹೆಂಗಸು ಮತ್ತೇನೋ ಹೇಳಿದಳು. ಅವನು ಮತ್ತೆ ತಲೆಯಾಡಿಸಿ, ಕಟ್ಟೆಯಿಂದ ಇಳಿದು, ಕೈ ಚಾಚಿ ಎದುರಿನ ಶಿಹಾತಾನ ಅಂಗಡಿ ತೋರಿಸಿದ. ಅವಳು ಭುಜ ಕುಣಿಸಿ ಅತ್ತ ನಡೆದಳು.

ಅಚ್ಚಿನ ಬಟ್ಟೆಯ ಅಂಗಡಿಗೆ!

ರದ್ವಾ ಓಡಿ ಬಂದಳು. ತಟ್ಟೆ ಕಟ್ಟೆಯ ಮೇಲೆ ದಡಕ್ಕನೆ ಕೂತಿತು.

"ಅವರು ನನ್ನ ಪರದೆ ಕೇಳಿದ್ರಾ?"

ಅವನು ತಟ್ಟೆಯನ್ನು ಒಳಗೆ ಸರಿಸಿದ.

"ಕೇಳಿದ್ರಾ ಇಲ್ವಾ?"

"ಕೇಳಿದ್ರು."

"ಮತ್ತೆ ಯಾಕೆ ಆಚೆ ಕಳಿಸಿದ್ರಿ?"

ಇಹಾಬನ ಮುಖ ಬಿಳಿಚಿಕೊಂಡಿತ್ತು. ಅವನು ನೆಲ ನೋಡುತ್ತಾ ಹೇಳಿದ. "ಕಾಕಾಗೆ... ಬೋಣಿ ಆಗಿರ್ಲಿಲ್ಲ."

"ಬೋಣಿ?" ಅವಳ ದನಿ ಒಡೆಯಿತು. "ನನ್ನ ಎರಡು ವರ್ಷದ ಹೊಲಿಗೇನ ತಗೊಂಡ್ ಹೋಗಿ ಅವರ ಬೋಣಿಗೆ ಹಾಕಿದ್ರಾ? ಅಪ್ಪನ ಕಲ್ಲಿಗೆ ಅಂತ ಕಾಯ್ತಿದೀನಿ ಅಂತ ನಿಮಗೆ ಗೊತ್ತಿತ್ತಲ್ವಾ?"

"ರದ್ವಾ, ಸ್ವಲ್ಪ ದಿನ ತಾಳಿ. ಬೇರೆ ಯಾರಾದ್ರೂ ಬರ್ತಾರೆ. ನನ್ನ ಮೇಲೆ ನಂಬಿಕೆ ಇಡಿ."

"ನಂಬಿದ್ದೆ! ಕಲಾವಿದೆ ಅಂದ್ರಲ್ಲ, ಅದಕ್ಕೇ ನಂಬಿದ್ದೆ. ಮಾರೋಕೆ ನಾಚಿಕೆ ಆಯ್ತಾ? ಹುಡುಗಿ ಹೊಲಿದಿದ್ದು ಅಂತ ದೊಡ್ಡೋರ ಮುಂದೆ ಹೇಳೋಕೆ ಬಾಯಿ ಬರ್ಲಿಲ್ವಾ?"

ಅವನು ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ ಪುಣ್ಯಾತ್ಮ!

ಅವಳೇ ಏಣಿ ಹತ್ತಿ ಪರದೆ ಇಳಿಸಿಕೊಂಡಳು. ಅವನು ಏಣಿಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ, ಅವಳು ಬೀಳದಿರಲಿ ಎಂದು. ಅವಳು ಇಳಿದು ಅವನ ಮುಖ ನೋಡದೆ ಹೊರಟಳು. ಬಸ್ಬೂಸಾ ತಟ್ಟೆ ಅಲ್ಲೇ ಉಳಿಯಿತು.

* * *

ಆ ಹೆಂಗಸು ಮಾರನೆಯ ದಿನ ಮನೆಗೇ ಬಂದಳು. ಹೆಸರು ಇಂಜಿ. ನೈಲ್ ದಂಡೆಯ ಮೇಲೆ ಅವಳದೊಂದು ದೊಡ್ಡ ಭೋಜನಶಾಲೆ. ಉಸ್ತಾದರ ಹೆಂಡತಿಯ ಮನೆ ಹಿಂದಿನ ಓಣಿಯಲ್ಲಿದೆ ಎಂದು ಶಿಹಾತಾ ಹೇಳಿದ್ದನಂತೆ.

"ಅಂಗಡಿಯವರ ಮಾತು ನಂಬೋಕಾಗಲ್ಲ. ಅದಕ್ಕೇ ನೇರ ಮನೆಗೇ ಬಂದೆ," ಎಂದಳು ಇಂಜಿ. "ಇದು ಉಸ್ತಾದ್ ಫತ್ಹಿಯವರ ಕೊನೇ ಕೆಲಸ ತಾನೆ?"

ಸೌಸನ್ ಮಗಳ ಕಡೆ ನೋಡಿದಳು. ಕಣ್ಣಲ್ಲೇ ಬೇಡಿಕೊಂಡಳು.

ಯಾರಿಗೋಸ್ಕರ ನನ್ನ ಹೆಸರು? ಅದನ್ನು ಮೊದಲು ಹೇಳಿದವನಿಗೇ ಅದು ಬೇಡವಾಯಿತಲ್ಲ...

"ಹೌದು," ಎಂದಳು ರದ್ವಾ. "ಅಪ್ಪಂದೇ."

ಹಣ ಅಮ್ಮನ ಪೆಟ್ಟಿಗೆ ಸೇರಿತು. ಪರದೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋಯಿತು. ರದ್ವಾ ಒಳಕೋಣೆಗೆ ಹೋಗಿ, ಹೊಲಿಗೆಯ ಖಾಲಿ ಚೌಕಟ್ಟನ್ನು ತಬ್ಬಿಕೊಂಡು ಅತ್ತಳು.

ರಮ್ಜಾನ್ ಬಂತು. ಓಣಿಯಲ್ಲಿ ಲಾಂದ್ರಗಳು ತೂಗಿದವು, ಮಕ್ಕಳು ಹಾಡಿದರು. ರದ್ವಾ ಉಪವಾಸ ಇದ್ದಳು, ಉಪವಾಸ ಬಿಟ್ಟಳು, ಮತ್ತೆ ಉಪವಾಸ ಇದ್ದಳು. ಸೂಜಿಯನ್ನು ಮಾತ್ರ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಅವಳು ಒಳಕೋಣೆಯ ಕದದ ಹಿಂದೆ ನಿಂತಳು. ಆ ದನಿ!

"ರದ್ವಾ ಇದಾರಾ ಅಮ್ಮಾ?"

"ಮಲಗಿದಾಳಪ್ಪಾ."

"ಪರದೆ... ಉಸ್ತಾದರ ಹೆಸರಲ್ಲಿ ಹೋಯ್ತಂತೆ."

"ಹೋಯ್ತು. ದೇವರ ದಯ."

ಅವನ ದನಿ ತಗ್ಗಿತು, ಅಳು ನುಂಗಿದ ಹಾಗೆ. "ಒಳ್ಳೇದಾಯ್ತಮ್ಮಾ. ಕಲ್ಲು ಹಾಕಿಸಿ."

ಹೆಜ್ಜೆಗಳು ಮೆಟ್ಟಿಲಿಳಿದವು. ರದ್ವಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಕರೆಯಬೇಕೆಂದುಕೊಂಡಳು. ಕರೆಯಲಿಲ್ಲ.

ಇವನಿಗೇನು ದುಃಖ? ಕಳೆದುಕೊಂಡವಳು ನಾನಲ್ಲವಾ?

* * *

ಹಬ್ಬ ಹತ್ತಿರ ಬಂದಾಗ ಇಂಜಿ ಮೇಡಂ ಗಾಡಿ ಕಳಿಸಿದಳು. ಉಸ್ತಾದರ ಮನೆಯವರು ಒಂದು ಸಂಜೆ ತಮ್ಮಲ್ಲಿ ಉಪವಾಸ ಬಿಡಬೇಕು, ಅವರಿಗೆ ತಾನು ಮರ್ಯಾದೆ ಮಾಡಬೇಕು ಎಂದು ಹೇಳಿಕಳಿಸಿದ್ದಳು. ಸೌಸನ್ ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆದಳು. ಕಲ್ಲು ಕೆತ್ತುವವನಿಗೆ ನಾಳೆ ಮುಂಗಡ ಕೊಡುವುದೆಂದು ಗೊತ್ತುಮಾಡಿದ್ದಳು. ವರ್ಷದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಇತ್ತು.

ಇಳಿಹೊತ್ತಿನ ಅಸರ್ ಪ್ರಾರ್ಥನೆ ಮುಗಿದಿತ್ತು. ಭೋಜನಶಾಲೆಯಲ್ಲಿ ಮೇಜುಗಳನ್ನು ಸಿಂಗರಿಸುತ್ತಿದ್ದರು. ಎದುರು ಗೋಡೆಯ ಮೇಲೆ... ಅವಳ ಮರ! ಪಕ್ಕದಲ್ಲಿ ಹಿತ್ತಾಳೆಯ ಫಲಕ. ಉಸ್ತಾದ್ ಫತ್ಹಿಯವರ ಕೊನೆಯ ಕೃತಿ.

"ಇಂಥ ಕೈ ಇನ್ನು ಹುಟ್ಟಲ್ಲ ಬಿಡಿ," ಎಂದರು ಯಾರೋ ಒಬ್ಬರು.

"ಆ ಹಕ್ಕಿ ನೋಡಿ, ಗಂಡಸಿನ ಕೈಯ ಬಿಗಿ ಅಂದ್ರೆ ಇದು," ಎಂದರು ಇನ್ನೊಬ್ಬರು.

ಸೌಸನ್ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ರದ್ವಾ ಗೋಡೆಗೆ ಒರಗಿ ನಿಂತಿದ್ದಳು. ತಾನು ಹೊಲಿದ ಹಕ್ಕಿಗಳು ತನ್ನನ್ನೇ ಗುರುತು ಹಿಡಿಯುತ್ತಿಲ್ಲ ಎನ್ನಿಸಿತು ಅವಳಿಗೆ.

"ಒಂದು ತಮಾಷೆ ಕೇಳಿ," ಎಂದು ಇಂಜಿ ಅತಿಥಿಗಳನ್ನು ಸೇರಿಸಿದಳು. "ಇದು ನನ್ನ ಕೈ ತಪ್ಪಿ ಹೋಗ್ತಿತ್ತು! ಬೀದೀಲಿ ಒಬ್ಬ ಹುಡುಗನ ಅಂಗಡೀಲಿ ತೂಗ್ತಿತ್ತು. ನೋಡಿದ ಕೂಡ್ಲೇ ಗೊತ್ತಾಯ್ತು ಫತ್ಹಿಯವರದ್ದು ಅಂತ. ಆ ಹುಡುಗ 'ಇಲ್ಲ, ಮಗಳು ಹೊಲಿದಿದ್ದು' ಅಂತಾನೆ! ಎರಡರಷ್ಟು ಕೊಡ್ತೀನಿ, ಉಸ್ತಾದರದ್ದು ಅಂತ ಒಂದ್ಮಾತು ಹೇಳಿ ಕೊಡು ಸಾಕು ಅಂದೆ. ಏನಂದ ಗೊತ್ತಾ? 'ಹೊಲಿದೋರ ಹೆಸರು ಅಳಿಸಿ ನಾನು ಯಾವ ಬೆಲೆಗೂ ಮಾರಲ್ಲ, ನಿಮಗೆ ಹೆಸರೇ ಮುಖ್ಯ ಆದ್ರೆ ಎದುರು ಅಂಗಡಿಗೆ ಹೋಗಿ' ಅಂದ! ಎಂಥ ಪೆದ್ದ!"

ಎಲ್ಲರೂ ನಕ್ಕರು.

ರದ್ವಾಗೆ ಏನೂ ಕೇಳಿಸಲಿಲ್ಲ.

ಯಾವ ಬೆಲೆಗೂ ಮಾರಲ್ಲ... ಅವನು ಹಾಗಂದನಾ? ನನ್ನ ಹೆಸರಿಗೋಸ್ಕರ ಅವಳನ್ನು ಕಳಿಸಿದನಾ? ನಾನು ಮಾಡಿದ್ದೇನು! ಅವನು ಕಾಪಾಡಿದ ಹೆಸರನ್ನು ಮಾರನೆಯ ದಿನವೇ ನನ್ನ ಬಾಯಿಂದಲೇ ಮಾರಿಬಿಟ್ಟೆನಲ್ಲ!

"ಅಂದ ಹಾಗೆ," ಎಂದಳು ಇಂಜಿ ಅವಳ ಭುಜದ ಮೇಲೆ ಕೈಯಿಟ್ಟು, "ಅಪ್ಪನ ಇನ್ನೊಂದು ಪರದೆ ಮನೇಲಿದ್ರೆ ಹಬ್ಬಕ್ಕೆ ನನಗೇ ಕೊಡ್ಬೇಕು. ಇದೆ ತಾನೆ?"

ಸೌಸನ್ ಮಗಳ ಕೈ ಅಮುಕಿದಳು. ಹೂಂ ಅನ್ನು, ಹೂಂ ಅನ್ನು...

ಹೂಂ ಎಂದರೆ ಮುಗಿಯಿತು. ಮುಂದೆ ಬದುಕಿರುವವರೆಗೂ ಸತ್ತ ಅಪ್ಪನ ಕೈಯಾಗಿ ಹೊಲಿಯುತ್ತಿರಬಹುದು.

"ಮೇಡಂ," ಎಂದಳು ರದ್ವಾ. "ಆ ಹುಡುಗ ಸುಳ್ಳು ಹೇಳ್ಲಿಲ್ಲ."

"ಏನು?"

"ಇದನ್ನ ಹೊಲಿದಿದ್ದು ನಾನು. ನಿಮಗೆ ಸುಳ್ಳು ಹೇಳಿದ್ದೂ ನಾನೇ."

ಮೊದಲು ಇಂಜಿ ನಕ್ಕಳು. ಆಮೇಲೆ ಸೌಸನ್‌ಳ ಮುಖ ನೋಡಿದಳು. ನಗು ನಿಂತಿತು.

"ನನ್ನ ಅತಿಥಿಗಳ ಮುಂದೆ ನನ್ನನ್ನ ಮೂರ್ಖಳನ್ನ ಮಾಡ್ತಿದೀಯಾ? ಮೋಸ ಮಾಡಿ ಮಾರಿದ್ಯಾ?"

"ಮಾಡಿದೆ. ನಿಮ್ಮ ಹಣ ನಾಳೆ ಬೆಳಗ್ಗೆ ನಿಮಗೆ ಬರುತ್ತೆ."

"ಇಳಿಸ್ರೋ ಅದನ್ನ!" ಎಂದು ಇಂಜಿ ಕೆಲಸದವರಿಗೆ ಕೂಗಿದಳು.

ಆಗ ತಾನೇ ಹೊಗಳಿದವರು ದೂರ ಸರಿದರು. ಅದೇ ಮರ, ಅವೇ ಹಕ್ಕಿಗಳು. ಈಗ ಯಾರಿಗೂ ಬೇಡ.

ಹೊರಗೆ ರಸ್ತೆಯ ಬದಿಯಲ್ಲಿ ಸೌಸನ್ ಕುಸಿದು ಕೂತಳು.

"ಹೋಯ್ತು... ಕಲ್ಲೂ ಹೋಯ್ತು, ಮಾನವೂ ಹೋಯ್ತು. ನಿಮ್ಮಪ್ಪನ್ನ ಇವತ್ತು ಎರಡನೇ ಸಲ ಮಣ್ಣು ಮಾಡ್ದೆ ಕಣೇ ನೀನು!"

ರದ್ವಾ ಅಮ್ಮನ ಕಾಲ ಬಳಿ ಕೂತಳು. ಕಣ್ಣೀರು ಸುರಿಯುತ್ತಿತ್ತು. "ಅಮ್ಮಾ, ನೀನು ಅಡುಗೆ ಮನೇಲಿದ್ದಾಗ ಅಪ್ಪ ನನ್ನ ಕೈ ಹಿಡ್ಕೊಂಡು ಅಳ್ತಿದ್ರು. ನಿನ್ನ ಹೆಸರನ್ನ ನಾನು ತಿಂತಾ ಇದೀನಲ್ಲ ಮಗಳೇ, ಅಂತ. ಒಂದ್ಸಲ ಅಲ್ಲಮ್ಮಾ. ಸಾಯೋವರೆಗೂ."

ಸೌಸನ್ ಮಗಳನ್ನು ದಿಟ್ಟಿಸಿ ನೋಡಿದಳು. ನಂಬಿದಳೋ ಇಲ್ಲವೋ, ಗೊತ್ತಾಗಲಿಲ್ಲ. ಎದ್ದು, ಬಂದ ಬಾಡಿಗೆ ಕಾರು ನಿಲ್ಲಿಸಿ, ಒಬ್ಬಳೇ ಹತ್ತಿ ಹೊರಟುಹೋದಳು.

* * *

ಸೂರ್ಯ ಮುಳುಗುವ ಮಗ್ರಿಬ್ ಹೊತ್ತಿಗೆ ಕೈರೋ ಖಾಲಿಯಾಗುತ್ತದೆ. ರಸ್ತೆಯಲ್ಲಿ ಬೆಕ್ಕುಗಳೂ ಕಾಣುವುದಿಲ್ಲ. ಗುಡಾರದವರ ಬೀದಿಯ ತುದಿಯಲ್ಲಿ ಉದ್ದ ಮೇಜು ಹಾಕಿ, ಅಂಗಡಿಯವರೆಲ್ಲ ಅಜಾನ್ ಕೂಗಿಗೆ ಕಾಯುತ್ತಿದ್ದರು. ಇಹಾಬ್ ಮಾತ್ರ ತನ್ನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಮುಂದೆ ಒಂದು ಬಟ್ಟಲು ಖರ್ಜೂರ, ಒಂದು ಲೋಟ ನೀರು.

ಪರದೆಯ ಗಂಟನ್ನು ಎದೆಗವಚಿಕೊಂಡು ರದ್ವಾ ಬಂದು ನಿಂತಾಗಲೇ ಅಜಾನ್ ಕೇಳಿಸಿತು.

"ಇಹಾಬ್, ಯಾಕೆ ಹೇಳ್ಲಿಲ್ಲ..."

"ಮೊದಲು ಉಪವಾಸ ಬಿಡಿ." ಅವನು ಖರ್ಜೂರ ಚಾಚಿದ.

ಅವಳು ತಿಂದಳು. ಒಂದೇ ಲೋಟದ ನೀರನ್ನು ಅವಳು ಅರ್ಧ ಕುಡಿದು ಕೊಟ್ಟಳು, ಉಳಿದದ್ದನ್ನು ಅವನು ಕುಡಿದ.

"ಆಯಮ್ಮ ಎಲ್ಲಾ ಹೇಳಿದ್ರು. ನೀವು ಯಾಕೆ ಹೇಳ್ಲಿಲ್ಲ? ಬೋಣಿ ಅಂದ್ರಲ್ಲ!"

"ಎಲ್ಲಾ ಹೇಳಿರಲ್ಲ ಅವರು." ಇಹಾಬ್ ಮುಖ ತಿರುಗಿಸಿದ. "ಹುಡುಗಿ ಹೊಲಿದಿದ್ದಾ, ಹಾಗಾದ್ರೆ ಕಾಲೊರಸೋಕೆ ಹಾಕ್ಕೋಬಹುದು ಅಂದ್ರು. ಅದು ನಿಮ್ಮ ಕಿವಿಗೆ ಬೀಳ್ಬಾರದು ಅನ್ನಿಸ್ತು. ಆ ಮಾತು ಕೇಳಿ ನಿಮ್ಮ ಕೈ ನಿಂತುಹೋದ್ರೆ ಅಂತ ಹೆದರಿಕೆ ಆಯ್ತು. ನಾನು ಕೆಟ್ಟವನಾದ್ರೆ ಆಗ್ಲಿ ಅಂದ್ಕೊಂಡೆ."

"ನಿಂತೇ ಹೋಗಿತ್ತು. ರಮ್ಜಾನ್ ಪೂರ್ತಿ ಸೂಜಿ ಮುಟ್ಟಿಲ್ಲ ನಾನು. ಆಯಮ್ಮನ ಮಾತಿಗಲ್ಲ ಇಹಾಬ್. ನಿಮ್ಮ ಮಾತಿಗೆ."

ಅವನ ಕಣ್ಣು ತುಂಬಿಬಂತು. "ತಪ್ಪಾಯ್ತು ರದ್ವಾ."

"ನಂದೂ ತಪ್ಪು. ನೀವು ಉಳಿಸಿದ ಹೆಸರನ್ನ ನಾನೇ ಮಾರ್ಕೊಂಡೆ." ಅವಳು ಬಿಕ್ಕಿದಳು. "ಈಗ ವಾಪಸ್ ತಂದಿದೀನಿ. ಆದ್ರೆ ಹಬ್ಬಕ್ಕೆ ಎಷ್ಟು ದಿನ ಉಳೀತು ಹೇಳಿ? ಇನ್ನು ಇದನ್ನ ಯಾರು ತಗೋತಾರೆ? ಅಪ್ಪಂಗೆ ಈ ಹಬ್ಬಕ್ಕೂ ಕಲ್ಲಿಲ್ಲ. ಇಡೀ ಬೀದಿಗೆ ನಾಳೆ ಅವರ ವಿಷಯ ಗೊತ್ತಾಗುತ್ತೆ."

ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಬಂದಿದ್ದ ಶಿಹಾತಾ ಗಂಟಲು ಸರಿಮಾಡಿಕೊಂಡ. "ಬೀದಿಗೆ ಹೊಸದಾಗಿ ಏನೂ ಗೊತ್ತಾಗ್ಬೇಕಾಗಿಲ್ಲ ಮಗಳೇ. ಹೊಲಿಗೆ ನೋಡೋ ಕಣ್ಣು ನಮಗಿಲ್ವಾ? ಎಲ್ಲರಿಗೂ ಗೊತ್ತಿತ್ತು. ಫತ್ಹಿ ಮೇಲಿನ ಪ್ರೀತಿಗೆ ಬಾಯಿ ಮುಚ್ಕೊಂಡಿದ್ವಿ. ಅದರಿಂದ ನಿನಗೆ ಅನ್ಯಾಯ ಆಗ್ತಿದೆ ಅಂತ ಯಾರೂ ಯೋಚ್ನೆ ಮಾಡ್ಲಿಲ್ಲ, ಮುದಿ ಕತ್ತೆಗಳು ನಾವು." ರೊಟ್ಟಿಯನ್ನು ಅವಳ ಕೈಗಿಟ್ಟು ಅವನು ತಲೆ ತಗ್ಗಿಸಿಕೊಂಡು ಹೋದ.

ಇಹಾಬ್ ಎದ್ದು ಪರದೆಯನ್ನು ಮತ್ತೆ ನಡುಗೋಡೆಗೆ ಏರಿಸಿದ. ಆಮೇಲೆ ಕಟ್ಟೆಯ ಮೇಲಿನ ತನ್ನ ದಿಂಬನ್ನು ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ದಿಂಬು ತಂದು ಹಾಕಿದ.

"ಕೂತ್ಕೊಳ್ಳಿ."

"ಇಲ್ಲೇನಾ? ಬೀದೀಲಿ ಹೋಗೋರೆಲ್ಲ ನೋಡ್ತಾರೆ!"

"ನೋಡ್ಲಿ ಅಂತಲೇ."

ಅವಳು ಹತ್ತಿ ಕೂತಳು. ಎಡಗೈಯಲ್ಲಿ ಸೂಜಿ ಹಿಡಿದಳು. ಊಟ ಮುಗಿಸಿ ಹೊರಬಂದ ಜನ ಒಬ್ಬೊಬ್ಬರಾಗಿ ಬೀದಿಗಿಳಿಯತೊಡಗಿದ್ದರು. ಒಂದು ಸಂಸಾರ ಅಂಗಡಿಯ ಮುಂದೆ ನಿಂತಿತು.

"ಎಷ್ಟು ಚೆನ್ನಾಗಿದೆ! ಈ ಮರ ಯಾರು ಹೊಲಿದಿದ್ದು?" ಎಂದು ಕೇಳಿದ ಗಂಡ.

ರದ್ವಾ ಇಹಾಬನ ಕಡೆ ನೋಡಿದಳು. ಇಹಾಬ್ ಕೈತೋರಿಸಲಿಲ್ಲ. ಕಾದ.

"ನಾನು," ಎಂದಳು. "ರದ್ವಾ ಫತ್ಹಿ."

ಅವರು ಅವಳನ್ನು ನೋಡಿದರು, ಪರದೆಯನ್ನು ನೋಡಿದರು, ಬೆಲೆ ಕೇಳಿದರು. ಹೆಂಡತಿ ಗಂಡನ ತೋಳು ಎಳೆದಳು. ಮುಂದೆ ಹೋದರು.

ಮಾರಾಟ ಆಗಲಿಲ್ಲ. ರದ್ವಾ ಅಳುತ್ತಿದ್ದಳು. ಆದರೆ ಸೂಜಿ ನಿಂತಿರಲಿಲ್ಲ.

"ಅಮ್ಮ ನನ್ನ ಜೊತೆ ಮಾತು ಬಿಟ್ಟಿದಾರೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ನಾಳೆ ಬಂದು ಕೇಳ್ತೀನಿ."

"ಏನಂತ?"

"ಮೊದಲು ಕ್ಷಮೆ. ಆಮೇಲೆ... ನಿಮ್ಮನ್ನ. ಪರದೆ ಬೆನ್ನು ನೋಡಿದ ದಿನಾನೇ ಮನಸ್ಸು ಕೊಟ್ಟಾಗಿತ್ತು ರದ್ವಾ. ಮುಖ ನೋಡಿದ್ದು ಆಮೇಲೆ."

ಅವಳು ತಲೆ ಎತ್ತಲಿಲ್ಲ. "ಅಮ್ಮ ಬಾಗಿಲು ತೆಗೆಯಲ್ಲ."

"ಬಾಗಿಲ ಹೊರಗೇ ಕೂತ್ಕೊಂಡು ಹೊಲೀತಿರ್ತೀನಿ. ತೆಗೆಯೋವರೆಗೂ."

"ತುಂಬಾ ದಿನ ಹಿಡಿಯುತ್ತೆ. ದಾರ ಮುಗಿದುಹೋದ್ರೆ?"

"ಮುಗಿದ್ರೆ ನಿಮ್ಮನ್ನೇ ಕೇಳ್ತೀನಿ. ಕೊಡಲ್ವಾ?"

ರದ್ವಾ ಕಣ್ಣೀರು ಒರೆಸಿಕೊಂಡು ಅವನ ಮುಖ ನೋಡಿದಳು.

"ಬಾಗಿಲ ಸಂದೀಲಿ ಕೊಡ್ತೀನಿ," ಎಂದಳು.